ಎರಡು ಸಾಲಿನ ಚುಚ್ಚುಮದ್ದು

ಸಭೆಯ ಅಧ್ಯಕ್ಷರೂ ನಮ್ಮ ಕ್ಲಿನಿಕ್ಕಿನ ಮುಖ್ಯಸ್ಥರೂ ಆದ ಡಾ. ಹೋಲುಬ್ ಅವರೇ, ಈ ನೆಲಮಾಳಿಗೆಯನ್ನು ನಮಗೆ ಬಿಟ್ಟುಕೊಟ್ಟಿರುವ ಚರ್ಚಿನ ಪಾದ್ರಿಗಳೇ, ಇಂದಿನ ಸನ್ಮಾನ ತನಗೇ ಎಂದು ಗೊತ್ತಿದ್ದೂ ಅಡುಗೆಮನೆಯ ಬಾಗಿಲ ಬಳಿಯ ಕೊನೆಯ ಕುರ್ಚಿಯನ್ನೇ ಹುಡುಕಿ ಕೂತಿರುವ ನರ್ಸ್ ಆರ್ಡಿತ್ ಬ್ರೆಕ್ ಅವರೇ, ಟ್ಯಾಮರ್ಯಾಕ್ ಕ್ಲಿನಿಕ್ಕಿನ ನನ್ನ ಸಹೋದ್ಯೋಗಿಗಳೇ, ಮತ್ತು ಊಟಕ್ಕೆ ಬೇಯುತ್ತಿರುವ ಹಾಟ್‌ಡಿಶ್‌ನ ವಾಸನೆ ಅಷ್ಟು ಹತ್ತಿರದಿಂದ ಬರುತ್ತಿದ್ದರೂ ನನ್ನ ಕಡೆಗೇ ಮುಖ ಮಾಡಿರುವ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ನಾನು ಹದಿನೈದು ನಿಮಿಷ ತೆಗೆದುಕೊಳ್ಳುತ್ತೇನೆ. ಇದನ್ನು ಮೊದಲೇ ಹೇಳುವುದು ಪ್ರಾಮಾಣಿಕತೆ ಎಂದುಕೊಂಡಿದ್ದೇನೆ.

ನಾನು ಇಲ್ಲಿ ನಿಂತಿರುವುದು ಎರಡು ಕೆಲಸಕ್ಕಾಗಿ. ಒಂದು, ಮೂವತ್ತನಾಲ್ಕು ವರ್ಷ ಈ ಜಿಲ್ಲೆಯ ತೋಳುಗಳಿಗೆ ಸೂಜಿ ಚುಚ್ಚಿ ನಾಳೆಯಿಂದ ಮನೆಯಲ್ಲಿರುವ ಆರ್ಡಿತ್‌ಗೆ ವಂದನೆ ಹೇಳುವುದು. ಇನ್ನೊಂದು, ನಾನು ಇದೇ ನೆಲಮಾಳಿಗೆಯಲ್ಲಿ, ನಿಮ್ಮಲ್ಲಿ ಬಹಳ ಮಂದಿಯ ಎದುರಿಗೆ, ಹಿಂದೆ ಎಷ್ಟೋ ಸಲ ಹೇಳಿದ ಒಂದು ಮಾತನ್ನು ತಿದ್ದುವುದು. ಆ ಮಾತು ನಿಮಗೆ ನೆನಪಿರಬಹುದು. ಪ್ರತಿ ಅಕ್ಟೋಬರಿನ ಚರ್ಚಿನ ಊಟದಲ್ಲಿ, ಫ್ಲೂ ಲಸಿಕೆಯ ವಿಷಯ ಬಂದಾಗಲೆಲ್ಲ, ನಾನು ನನ್ನ ಹೆಂಡತಿಯ ಕಡೆ ಕೈ ತೋರಿಸಿ ಹೇಳುತ್ತಿದ್ದೆ: “ನಮ್ಮ ಮನೇಲಿ ಸೂಜಿ ಕಂಡ್ರೆ ಓಡೋರು ಒಬ್ರಿದ್ದಾರೆ.” ನೀವು ನಗುತ್ತಿದ್ದಿರಿ. ಮಾವಿಸ್ ಕೂಡ ನಗುತ್ತಿದ್ದಳು. ಅವಳು ನಿಜವಾಗಿ ಓಡಿದ್ದಳೇ? ನಾನು ಇಪ್ಪತ್ತು ವರ್ಷ ತಿಳಿಯದೆ ಉಳಿದದ್ದು ಇಷ್ಟು ಸಣ್ಣ ಪ್ರಶ್ನೆಯ ಉತ್ತರವನ್ನು.

ಮಾವಿಸ್ ತೀರಿಕೊಂಡು ನಾಲ್ಕು ವರ್ಷವಾಯಿತು. ಕ್ಲಿನಿಕ್ಕಿನಲ್ಲಿರುವ ಅವಳ ಕಡತದ ವಿಷಯ ಸಭೆಯಲ್ಲಿ ಮಾತಾಡಬಹುದೇ ಎಂದು ಕೆಲವರು ಈಗಾಗಲೇ ಕಣ್ಣರಳಿಸಿದ್ದಾರೆ. ಮಾತಾಡಬಹುದು. ಅವಳ ಪರವಾಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವನು ನಾನು, ಹಾಕಿದ್ದೇನೆ. ನನ್ನ ಪಕ್ಕದ ಮೇಜಿನ ಪಾಕೂ ಶಿಯಾಂಗ್ ಅದಕ್ಕೆ ಮುದ್ರೆ ಒತ್ತಿದ್ದಾಳೆ. ಆರ್ಡಿತ್ ಕೂಡ ಒಪ್ಪಿದ್ದಾಳೆ. ಪತ್ರದ ಪ್ರತಿ ನನ್ನ ಕೋಟಿನ ಜೇಬಿನಲ್ಲಿದೆ, ಬೇಕಾದವರು ಊಟದ ನಂತರ ನೋಡಬಹುದು.

ನಾನು ಮಾಡುವ ಕೆಲಸವೇನು? ನಲವತ್ತು ವರ್ಷದಿಂದ ಜನ ಕೇಳುತ್ತಾರೆ. ಡಾಕ್ಟರು, ನರ್ಸು ತಾವು ಮಾಡಿದ್ದನ್ನು ಮಾತಿನಲ್ಲಿ ಬರೆಯುತ್ತಾರೆ; ನಾನೂ ಪಾಕೂ ಅದನ್ನು ಓದಿ ಸಂಖ್ಯೆಗಳಾಗಿ ಬದಲಿಸಿ ವಿಮೆಯವರಿಗೆ ಕಳಿಸುತ್ತೇವೆ. ಅಷ್ಟೇ. ಮಾವಿಸ್ ನೆರೆಮನೆಯವರಿಗೆ ಇದನ್ನೇ ಬೇರೆ ರೀತಿ ವಿವರಿಸುತ್ತಿದ್ದಳು: “ಡಾಕ್ಟರ ಅಕ್ಷರ ಯಾರಿಗೂ ಓದಕ್ಕಾಗಲ್ಲ ನೋಡಿ, ನಮ್ಮ ಓರ್ವಿ ಅದನ್ನ ತಗೊಂಡು ಇನ್ನೂ ಓದಕ್ಕಾಗದ ಹಾಗೆ ಮಾಡಿ ಕಳಿಸ್ತಾನೆ. ಅದಕ್ಕೆ ಸಂಬಳ ಕೊಡ್ತಾರೆ.”

ಆದರೆ ಸಭಿಕರೇ, ಅದರಲ್ಲಿ ಒಂದು ಸೊಗಸಿದೆ. ಮನುಷ್ಯನ ಮೈಗೆ ಆಗಬಹುದಾದ ಎಲ್ಲದಕ್ಕೂ ಯಾರೋ ಕೂತು ಯೋಚಿಸಿ ಒಂದು ಸಂಖ್ಯೆ ಇಟ್ಟಿದ್ದಾರೆ. ಹಸು ಒದ್ದದ್ದಕ್ಕೆ ಒಂದು ಸಂಖ್ಯೆ ಇದೆ. ದೊಡ್ಡ ಊರಿನ ಕೋಡರುಗಳು, ಎಂದರೆ ನಮ್ಮಂತೆ ಸಂಖ್ಯೆ ಹಾಕುವವರು, ಇದನ್ನು ಹೇಳಿಕೊಂಡು ನಗುತ್ತಾರಂತೆ. ನಮ್ಮ ಜಿಲ್ಲೆಯಲ್ಲಿ ಅದನ್ನು ಸಂಖ್ಯೆಗಳ ಪುಸ್ತಕ ತೆರೆಯದೆ ಬರೆಯುತ್ತೇವೆ.

ಫ್ಲೂ ಚುಚ್ಚುಮದ್ದಿಗೆ ಎಷ್ಟು ಸಾಲು ಬೇಕು? ಒಂದು ಎಂದು ನೀವು ಹೇಳುತ್ತೀರಿ. ಒಂದೇ ಚುಚ್ಚು, ಒಂದೇ ಕ್ಷಣ. ಅಲ್ಲ, ಎರಡು. ಔಷಧಿಗೆ ಒಂದು ಸಾಲು, ಅದನ್ನು ಕೊಟ್ಟದ್ದಕ್ಕೆ ಇನ್ನೊಂದು. ಔಷಧಿ ಕಾರ್ಖಾನೆಯಿಂದ ಬರುತ್ತದೆ. ಅದನ್ನು ಕೊಡುವುದು ಒಂದು ಕೈ. ಎರಡೂ ಒಂದೇ ಅಲ್ಲ ಎಂದು ನಿಯಮ ಮಾಡಿದವರು ನನಗೆ ಯಾವಾಗಲೂ ಬುದ್ಧಿವಂತರಂತೆ ಕಂಡಿದ್ದಾರೆ. ಎರಡರಲ್ಲಿ ಒಂದು ಸಾಲು ಬಿಟ್ಟುಹೋದರೆ ವಿಮೆಯವರು ಕಾಗದವನ್ನು ಹಿಂದಕ್ಕೆ ಕಳಿಸುತ್ತಾರೆ. ಇವಲ್ಲದೆ ಬಂದ ಕಾರಣಕ್ಕೂ ಒಂದು ಸಂಖ್ಯೆ ಹಾಕಬೇಕು. ಇಲ್ಲೊಂದು ವಿಚಿತ್ರವಿದೆ. ಲಸಿಕೆ ಹಾಕಿಸಿಕೊಂಡವರಿಗೆಲ್ಲ ಒಂದೇ ಕಾರಣ, ಒಂದೇ ಸಂಖ್ಯೆ. ಹಾಕಿಸಿಕೊಳ್ಳದವರಿಗೆ ಬೇರೆ ಬೇರೆ: ತಾನೇ ಬೇಡವೆಂದವನಿಗೆ, ನಂಬಿಕೆಯ ಕಾರಣಕ್ಕೆ ಬೇಡವೆಂದವನಿಗೆ, ಅಂದು ಜ್ವರವಿದ್ದವನಿಗೆ, ಅವನ ಪರವಾಗಿ ಮನೆಯವರೇ ಬೇಡವೆಂದದ್ದಕ್ಕೆ. ಹೀಗೆ ಪುಟದ ಕೆಳಗಿನವರೆಗೂ ಹೋಗುತ್ತದೆ. ಎಲ್ಲಕ್ಕಿಂತ ಕೆಳಗೆ ಒಂದಿದೆ, ‘ಇತರ ಕಾರಣ’.

ಆ ‘ಇತರ ಕಾರಣ’ವನ್ನು ಕಂಡರೆ ನನಗಾಗುವುದಿಲ್ಲ. ಅದು ಸೋಮಾರಿಗಳ ಸಂಖ್ಯೆ. ಪಾಕೂ ಕೆಲಸಕ್ಕೆ ಸೇರಿದ ಮೊದಲ ವಾರ ಅದನ್ನು ಒಮ್ಮೆ ಬಳಸಿದ್ದಳು. ನಾನು ಕಾಗದವನ್ನು ಅವಳ ಮೇಜಿನ ಮೇಲಿಟ್ಟು, “ಕಾರಣ ಇದ್ದೇ ಇರುತ್ತೆ. ಹುಡುಕು,” ಎಂದೆ. ಇಪ್ಪತ್ತೆರಡು ವರ್ಷದಲ್ಲಿ ಅವಳು ಅದನ್ನು ಮತ್ತೆ ಬಳಸಿರಲಿಲ್ಲ. ಕಳೆದ ವಾರದವರೆಗೆ.

ನಾನು ಈ ಕೆಲಸಕ್ಕೆ ಬಂದದ್ದು ಹೇಗೆ ಎಂದು ಯಾರೂ ಕೇಳಿಲ್ಲ. ಆದರೂ ಹೇಳುತ್ತೇನೆ, ಬೇಗ ಮುಗಿಯುತ್ತದೆ. ನನ್ನ ತಂದೆಗೆ ಮೂವತ್ತೆರಡು ಹಸುಗಳಿದ್ದವು. ನನಗೆ ಹದಿನೈದಾಗಿದ್ದ ಫೆಬ್ರವರಿಯಲ್ಲಿ ಮನೆಯವರೆಲ್ಲ ಫ್ಲೂ ಬಂದು ಮಲಗಿದೆವು. ನನ್ನ ತಂದೆ ಮಲಗಲಿಲ್ಲ. ಜ್ವರದಲ್ಲೇ ಐದು ದಿನ ಎರಡು ಹೊತ್ತೂ ಹಾಲು ಕರೆದರು. ಆರನೆಯ ದಿನ ಆಸ್ಪತ್ರೆಗೆ ಹೋದರು, ಎಂಟನೆಯ ದಿನ ತೀರಿಕೊಂಡರು. ಅವರಿಗೆ ಆಗ ನಲವತ್ತಾರು. ಮರಣಪತ್ರದಲ್ಲಿ ಒಂದು ಸಾಲಿನಲ್ಲಿ ‘ಶ್ವಾಸಕೋಶದ ಉರಿಯೂತ’ ಎಂದಿತ್ತು. ಅದರ ಕೆಳಗೆ ‘ಇದಕ್ಕೆ ಮೂಲ ಕಾರಣ’ ಎಂಬ ಸಾಲು, ಅದು ಖಾಲಿ. ನಾನು ಪತ್ರ ಹಿಡಿದು ಜಿಲ್ಲಾ ಕಚೇರಿಗೆ ಹೋದೆ. ಕಿಟಕಿಯಲ್ಲಿದ್ದ ಹೆಂಗಸು ಕನ್ನಡಕ ಮೇಲೇರಿಸಿ ನೋಡಿ, “ಬರೆದಿಲ್ಲ ಅಂದ್ರೆ ಅವರಿಗೆ ಗೊತ್ತಿರಲಿಲ್ಲ ಅಂತ ಕಣಪ್ಪ,” ಎಂದಳು. “ನಮಗೆ ಗೊತ್ತಿದೆಯಲ್ಲ,” ಎಂದೆ. “ನಿಮಗೆ ಗೊತ್ತಿರೋದು ಇಲ್ಲಿ ಬರಲ್ಲ,” ಎಂದಳು. ಕೆಟ್ಟ ಹೆಂಗಸಲ್ಲ. ಒಂದು ಪೆಪ್ಪರ್‌ಮಿಂಟ್ ಕೊಟ್ಟಳು.

ಇದನ್ನು ಹೇಳಿದ್ದು ನಿಮ್ಮ ಮರುಕಕ್ಕಲ್ಲ. ಖಾಲಿ ಸಾಲು ಕಂಡರೆ ನನಗೇಕೆ ಸಮಾಧಾನವಿರುವುದಿಲ್ಲ ಎಂದು ತಿಳಿಸಲು.

ಖಾಲಿ ಸಾಲು ಕಂಡಾಗ ನಮ್ಮಂಥವರು ಏನು ಮಾಡಬೇಕು? ಊಹಿಸುವಂತಿಲ್ಲ. ಬರೆದವರಿಗೆ ಒಂದು ಪ್ರಶ್ನೆ ಚೀಟಿ ಕಳಿಸಬೇಕು. ಆ ಚೀಟಿಗೂ ಕಟ್ಟುನಿಟ್ಟಾದ ನಿಯಮವಿದೆ: ಪ್ರಶ್ನೆಯೊಳಗೆ ಉತ್ತರ ಇರಬಾರದು. ‘ಎಡತೋಳಿಗೆ ಹಾಕಿದ್ದು ತಾನೇ?’ ಎಂದು ಕೇಳುವಂತಿಲ್ಲ. ‘ಯಾವ ತೋಳು ಎಂದು ದಾಖಲಾಗಿಲ್ಲ, ದಯವಿಟ್ಟು ವಿವರಿಸಿ’ ಎಂದು ಮಾತ್ರ ಕೇಳಬೇಕು. ಅವರ ಬಾಯಿಗೆ ನಾವು ಮಾತು ತುರುಕಬಾರದು. ಒಳ್ಳೆಯ ನಿಯಮ. ಆದರೆ ವರ್ಷಗಟ್ಟಲೆ ಹೀಗೆ ಕೇಳಿ ಕೇಳಿ ಅದು ಮೈಗೇ ಅಂಟಿಬಿಡುತ್ತದೆ. ನಾನು ಮಾವಿಸ್‌ಗೆ ಮದುವೆಯ ಮಾತೆತ್ತಿದಾಗ, “ನಮ್ಮಿಬ್ಬರ ಮುಂದಿನ ವಿಚಾರದ ಬಗ್ಗೆ ನಿನ್ನ ಅಭಿಪ್ರಾಯ ಏನು?” ಎಂದು ಕೇಳಿದೆ.

“ಏನಿದು, ಚೀಟಿನಾ?” ಎಂದಳು. “ಮದುವೆ ಆಗ್ತೀಯಾ ಅಂತ ಕೇಳಕ್ಕೆ ಬಾಯಿ ಬರಲ್ವಾ?”

“ಹಾಗೆ ಕೇಳಿದ್ರೆ ಪ್ರಶ್ನೆಯೊಳಗೇ ಉತ್ತರ ಇಟ್ಟ ಹಾಗಾಗುತ್ತೆ.”

“ಇರಲಿ ಬಿಡು. ಆ ಉತ್ತರಾನೇ ಬರ್ಕೋ.”

ಮದುವೆಯಾದ ವಾರವೇ ಈ ಊರಿಗೆ ಬಂದೆವು. ಕ್ಲಿನಿಕ್ಕಿನಲ್ಲಿ ಇಬ್ಬರೂ ಒಟ್ಟಿಗೆ ಹೆಸರು ಬರೆಸಿದೆವು. ನನ್ನ ಕಡತದ ಸಂಖ್ಯೆ ಏಳರಲ್ಲಿ ಮುಗಿಯುತ್ತದೆ, ಅವಳದು ಎಂಟರಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದು ನಿಯಮವನ್ನೂ ನೆನಪಿಟ್ಟುಕೊಳ್ಳಿ. ನಮ್ಮ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವವರು ಯಾರೂ ತಮ್ಮ ಕಡತವನ್ನಾಗಲಿ ಮನೆಯವರ ಕಡತವನ್ನಾಗಲಿ ತೆರೆಯುವಂತಿಲ್ಲ. ಅದನ್ನು ಬರೆದವನು ನಾನೇ. ಆದ್ದರಿಂದ ನಮ್ಮ ಮನೆಯ ಕಾಗದಗಳನ್ನು ಪಾಕೂ ನೋಡುತ್ತಾಳೆ, ಅವಳ ಮನೆಯದನ್ನು ನಾನು. ಅವಳ ಅವಳಿ ಮಕ್ಕಳ ತೂಕ ನನಗೆ ಈಗಲೂ ಬಾಯಿಗೆ ಬರುತ್ತದೆ.

ಈಗ ಆರ್ಡಿತ್. ಅಧ್ಯಕ್ಷರು ಗಡಿಯಾರ ನೋಡಿದ್ದನ್ನು ನಾನು ನೋಡಿದೆ.

ಇಷ್ಟು ವರ್ಷದಲ್ಲಿ ಆರ್ಡಿತ್ ಲಸಿಕೆ ಹಾಕುವುದನ್ನು ನಾನು ಕಣ್ಣಾರೆ ನೋಡಿದ್ದು ಬಹಳ ಕಡಿಮೆ. ನನಗೆ ಗೊತ್ತಿರುವುದು ಅವಳು ಬರೆದದ್ದು. ಔಷಧಿಯ ಹೆಸರು, ಸೀಸೆಯ ಮೇಲಿನ ಸಂಖ್ಯೆ, ಗಂಟೆ, ತೋಳು, ಸಹಿ. ಯಾವುದನ್ನೂ ಬಿಟ್ಟವಳಲ್ಲ. ಜೊತೆಗೆ ಯಾರೂ ಕೇಳದ ಒಂದೊಂದು ಮಾತು. ‘ತೋಳು ಸಿಗಲು ಮೂರು ಅಂಗಿ ದಾಟಬೇಕಾಯಿತು.’ ‘ಕುದುರೆಗಳ ವಿಷಯ ಮಾತಾಡುತ್ತಿರುವಾಗ ಹಾಕಿದೆ, ಗೊತ್ತಾಗಲಿಲ್ಲ.’ ‘ಆರೂವರೆ ಅಡಿ ಎತ್ತರ. ಕೈ ಹಿಡಿದುಕೊಂಡಿರಲು ಹೇಳಿದರು, ಹಿಡಿದುಕೊಂಡೆ.’ ಇವುಗಳಿಗೆ ಸಂಖ್ಯೆಗಳಿಲ್ಲ, ವಿಮೆಯವರಿಗೆ ಇವು ಬೇಡ. ಆದರೆ ಪ್ರತಿ ವರ್ಷ ಎಲೆ ಕೆಂಪಾಗುವ ಹೊತ್ತಿಗೆ ನಾನು ಆರ್ಡಿತ್‌ಳ ಕಾಗದಗಳಿಗಾಗಿ ಕಾಯುತ್ತಿದ್ದೆ. ಈ ಊರಿನ ಬಗ್ಗೆ ನನಗೆ ತಿಳಿದಿರುವುದರಲ್ಲಿ ಬಹುಪಾಲು ಅವುಗಳಿಂದಲೇ ತಿಳಿದದ್ದು.

ಇಪ್ಪತ್ತು ವರ್ಷದ ಹಿಂದೆ ಒಂದು ಅಕ್ಟೋಬರ್. ಆ ವರ್ಷ ಲಸಿಕೆ ಬೇಕಾದಷ್ಟು ಬರಲಿಲ್ಲ. ವಯಸ್ಸಾದವರಿಗೆ, ಬಸುರಿಯರಿಗೆ, ಹೃದಯ ಅಥವಾ ಉಸಿರಾಟದ ತೊಂದರೆಯಿದ್ದವರಿಗೆ, ರೋಗಿಗಳನ್ನು ಮುಟ್ಟುವ ಸಿಬ್ಬಂದಿಗೆ ಮಾತ್ರ ಎಂದು ಆದೇಶ ಬಂತು. ಮಾವಿಸ್‌ಗೆ ಚಿಕ್ಕಂದಿನಿಂದ ಉಬ್ಬಸ, ಆದ್ದರಿಂದ ಅವಳ ಹೆಸರು ಪಟ್ಟಿಯಲ್ಲಿತ್ತು. ನಾನು ಮುಟ್ಟುವುದು ಕಾಗದವನ್ನು ಮಾತ್ರ, ಆದ್ದರಿಂದ ನನ್ನ ಹೆಸರಿರಲಿಲ್ಲ. ಅದು ಸರಿಯಾಗಿಯೇ ಇತ್ತು. ಆ ವರ್ಷದ ಜನವರಿಯಲ್ಲಿ ನನಗೆ ನಲವತ್ತಾರು ತುಂಬಿತ್ತು. ಅದರ ಬಗ್ಗೆ ನಾನು ಯಾರ ಬಳಿಯೂ ಮಾತಾಡಿರಲಿಲ್ಲ, ಮಾತಾಡುವಂಥದ್ದೇನೂ ಇರಲಿಲ್ಲ.

ಆ ತಿಂಗಳ ಒಂದು ಶನಿವಾರ ಲಸಿಕೆ ಹಾಕಿದ್ದು ಇಲ್ಲೇ, ಈ ನೆಲಮಾಳಿಗೆಯಲ್ಲಿ. ಈಗ ಸಿಹಿ ಪೈಗಳನ್ನು ಜೋಡಿಸಿರುವ ಆ ಮೂಲೆಯಲ್ಲಿ ಒಂದು ಪರದೆ ಕಟ್ಟಿದ್ದರು, ಹಿಂದೆ ಆರ್ಡಿತ್. ಬಂದಿದ್ದ ಲಸಿಕೆಗೆ ಸರಿಯಾಗಿ ಎಣಿಸಿ ಜನರಿಗೆ ಸರದಿ ಚೀಟಿ ಕೊಟ್ಟಿದ್ದರು. ಸಾಲು ಮೆಟ್ಟಿಲು ಹತ್ತಿ ಹೊರಗೆ ಕಾರು ನಿಲ್ಲಿಸುವ ಜಾಗದವರೆಗೂ ಹೋಗಿತ್ತು. ನಾನು ಬಾಗಿಲಲ್ಲಿ ಹೆಸರು ಬರೆದುಕೊಳ್ಳುತ್ತಿದ್ದೆ. ಹತ್ತು ಗಂಟೆಗೆ ಮಾವಿಸ್ ಹಸಿರು ಕೋಟು ಹಾಕಿಕೊಂಡು ಬಂದಳು, ಪರದೆಯ ಹಿಂದೆ ಹೋದಳು, ಸ್ವಲ್ಪ ಹೊತ್ತಿಗೆ ಹೊರಗೆ ಬಂದಳು.

“ಏನಾಯ್ತು?” ಎಂದು ಕೇಳಿದೆ.

“ಆಯ್ತು,” ಎಂದಳು. “ನೋವಾಯ್ತಾ ಅಂತ ಕೇಳಲ್ವಾ?”

“ಹಾಗೆ ಕೇಳೋ ಹಾಗಿಲ್ಲ.”

“ಸ್ವಲ್ಪಾನೂ ನೋವಾಗ್ಲಿಲ್ಲ, ಓರ್ವಿ,” ಎಂದು ನಕ್ಕು, ಕಾಫಿ ಬಗ್ಗಿಸುವವರ ಜೊತೆ ಸೇರಿಕೊಂಡಳು.

ಹತ್ತು ನಿಮಿಷವಾಗಿರಬಹುದು. ಆರ್ಡಿತ್ ಪರದೆಯಿಂದ ತಲೆ ಹೊರಹಾಕಿದಳು.

“ಓರ್ವಿಲ್, ಬಾ ಇಲ್ಲಿ. ಸಿರಿಂಜಿಗೆ ತುಂಬಿಟ್ಟಿದ್ದು ಒಂದು ಉಳಿದಿದೆ. ತಗೋಬೇಕಾಗಿದ್ದವರು ಹೋಗ್ಬಿಟ್ರು.”

“ಹೊರಗೆ ಅಷ್ಟು ಜನ ನಿಂತಿದ್ದಾರೆ.”

“ಅವರಿಗೆಲ್ಲ ಎಣಿಸಿ ಇಟ್ಟಿದೀನಿ. ಇದು ಅದರಾಚೆದು. ಚೆಲ್ಲಬೇಕು ಇಲ್ಲಾ ನಿನಗೆ ಹಾಕಬೇಕು. ತೋಳು ಕೊಡು, ಭಾಷಣ ಬೇಡ.”

“ಯಾರದು?”

“ಯಾರ ಹೆಸರೂ ಯಾರಿಗೂ ಹೇಳ್ಬಾರ್ದು ಅಂತ ನಿಯಮ ಬರೆದಿದ್ದು ಯಾರು?”

“ನಾನು.”

“ಮತ್ತೆ?”

ಎಡತೋಳು ಕೊಟ್ಟೆ.

ಫೆಬ್ರವರಿಯಲ್ಲಿ ಮಾವಿಸ್‌ಗೆ ಫ್ಲೂ ಬಂತು. ಮೂರು ವಾರ. ಉಬ್ಬಸ ಇದ್ದವಳಿಗೆ ಆ ಮೂರು ವಾರ ಹೇಗಿರುತ್ತದೆ ಎಂದು ಇಲ್ಲಿ ಕೂತಿರುವ ಡಾಕ್ಟರಿಗೆ ಗೊತ್ತು, ಉಳಿದವರಿಗೆ ವಿವರಿಸುವುದಿಲ್ಲ. ನಾನು ಅವಳ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಿದ್ದೆ. ಸೂಪು ಕುಡಿಸಿದೆ, ಹಾಸಿಗೆ ಬದಲಿಸಿದೆ, ಅವಳು ಕುಡಿದ ಲೋಟದಲ್ಲೇ ನೀರು ಕುಡಿದೆ. ನನಗೆ ಒಂದು ಸೀನೂ ಬರಲಿಲ್ಲ. ಲಸಿಕೆ ಹಾಕಿಸಿಕೊಂಡವರಿಗೂ ಒಮ್ಮೊಮ್ಮೆ ಫ್ಲೂ ಬರುತ್ತದೆ, ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕೇಳಿದೆ. ಜೀವನದಲ್ಲಿ ಮೊದಲ ಸಲ ನಿಯಮ ಮುರಿದು ಕೇಳಿದೆ.

“ನೀನು ಅವತ್ತು ಹಾಕಿಸ್ಕೊಂಡೆ ತಾನೇ?”

ಅವಳು ಕೆಮ್ಮುತ್ತಲೇ ಬೆರಳೆತ್ತಿದಳು. “ಪ್ರಶ್ನೆಯೊಳಗೆ ಉತ್ತರ ಇಟ್ಟಿದೀಯ, ಓರ್ವಿ.”

“ಸೂಜಿ ನೋಡಿ ಹೆದರಿ ಬಂದ್ಬಿಟ್ಯಾ? ಹೊರಗೆ ಬಂದು ನನಗೆ ಸುಳ್ಳು ಹೇಳಿದ್ಯಾ?”

“ಅನುಮಾನ ಇದ್ರೆ ಕಡತ ತೆಗೆದು ನೋಡ್ಕೋ. ನಿನ್ನ ಮೇಜಿಂದ ಆರು ಹೆಜ್ಜೆ.”

ನಾನು ನೋಡಲಿಲ್ಲ. ನೋಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳು ಚೇತರಿಸಿಕೊಂಡಳು. ಆ ವರ್ಷದ ಅಕ್ಟೋಬರಿನಲ್ಲಿ, ಇಲ್ಲೇ ಊಟಕ್ಕೆ ಕೂತಾಗ, ನಾನು ಮೊದಲ ಸಲ ಆ ಹಾಸ್ಯ ಮಾಡಿದೆ. ಅದರ ಮುಂದಿನ ಅಕ್ಟೋಬರಿನಲ್ಲೂ. ಹೆಚ್ಚು ಹಾಸ್ಯ ಬರುವವನಲ್ಲ ನಾನು, ಆದ್ದರಿಂದ ಬಂದದ್ದನ್ನು ಜೋಪಾನವಾಗಿ ಇಟ್ಟುಕೊಂಡೆ. ಒಟ್ಟು ಹದಿನೈದು ವರ್ಷ. ಅವಳು ನಕ್ಕು, ಪಕ್ಕದವರಿಗೆ ಆಲೂಗಡ್ಡೆಯ ಬಟ್ಟಲು ದಾಟಿಸುತ್ತಿದ್ದಳು.

ಅವಳು ತೀರಿಕೊಂಡದ್ದು ಬೇರೆ ಕಾಯಿಲೆಯಿಂದ, ಬಹಳ ವರ್ಷಗಳ ನಂತರ. ಅವಳ ಮರಣಪತ್ರದಲ್ಲಿ ಎಲ್ಲ ಸಾಲುಗಳನ್ನೂ ತುಂಬಿದ್ದರು. ತುಂಬಿದ್ದಾರೆಯೇ ಎಂದು ನಾನು ನಿಂತು ನೋಡಿದೆ.

ಮೂರು ವಾರದ ಹಿಂದಿನ ಮಾತು. ನಿವೃತ್ತರಾಗುವವರ ಹೆಸರಿನಲ್ಲಿ ಉತ್ತರಿಸದೆ ಉಳಿದ ಪ್ರಶ್ನೆ ಚೀಟಿಗಳಿದ್ದರೆ ಅವರು ಹೋಗುವ ಮೊದಲು ಮುಗಿಸಬೇಕು. ಪಟ್ಟಿಯನ್ನು ಕಂಪ್ಯೂಟರೇ ಅಚ್ಚು ಹಾಕಿ ವಿಭಾಗದ ಮುಖ್ಯಸ್ಥನಿಗೆ, ಎಂದರೆ ನನಗೆ, ಕೊಡುತ್ತದೆ. ಕೆಲವರು ಹೋಗುವಾಗ ಆ ಪಟ್ಟಿ ನಾಲ್ಕು ಪುಟ ಇರುತ್ತದೆ. ಹೆಸರು ಹೇಳುವುದಿಲ್ಲ, ಡಾಕ್ಟರುಗಳು ತಟ್ಟೆ ನೋಡಿಕೊಳ್ಳುವುದು ಬೇಡ. ಆರ್ಡಿತ್‌ಳ ಪಟ್ಟಿಯಲ್ಲಿ ಇದ್ದದ್ದು ಎರಡೇ. ಮೂವತ್ತನಾಲ್ಕು ವರ್ಷಕ್ಕೆ ಎರಡು. ಎರಡೂ ಒಂದೇ ದಿನದವು, ಇಪ್ಪತ್ತು ವರ್ಷ ಹಳೆಯವು, ಎರಡನ್ನೂ ಕಳಿಸಿದವಳು ಪಾಕೂ.

ಮೊದಲನೆಯದು: ‘ಔಷಧಿ ದಾಖಲಾಗಿದೆ, ಕೊಟ್ಟದ್ದು ದಾಖಲಾಗಿಲ್ಲ. ದಯವಿಟ್ಟು ವಿವರಿಸಿ.’

ಎರಡನೆಯದು: ‘ಕೊಟ್ಟದ್ದು ದಾಖಲಾಗಿದೆ, ಔಷಧಿ ದಾಖಲಾಗಿಲ್ಲ. ದಯವಿಟ್ಟು ವಿವರಿಸಿ.’

ನನಗೆ ಮೊದಲು ಹುಟ್ಟಿದ್ದು ಬರೀ ಕುತೂಹಲ, ನಂಬಿ. ಒಂದು ಕಡೆ ಸೂಜಿಯಿಲ್ಲದ ಔಷಧಿ, ಇನ್ನೊಂದು ಕಡೆ ಔಷಧಿಯಿಲ್ಲದ ಸೂಜಿ. ಎಂಥ ಚೆಂದದ ಜೋಡಿ ಎಂದುಕೊಂಡೆ. ಪಟ್ಟಿಯಲ್ಲಿ ಹೆಸರುಗಳಿರುವುದಿಲ್ಲ, ಕಡತದ ಸಂಖ್ಯೆ ಮಾತ್ರ. ಆಮೇಲೆ ಸಂಖ್ಯೆಗಳನ್ನು ನೋಡಿದೆ. ಒಂದು ಎಂಟರಲ್ಲಿ ಮುಗಿಯುತ್ತಿತ್ತು. ಇನ್ನೊಂದು ಏಳರಲ್ಲಿ.

ಪಟ್ಟಿಯನ್ನು ಮಗುಚಿಟ್ಟೆ. ನೋಡಬಾರದ್ದನ್ನು ನೋಡಿದ್ದಕ್ಕೆ ಅಧ್ಯಕ್ಷರಿಗೆ ತಪ್ಪೊಪ್ಪಿಗೆ ಬರೆದುಕೊಟ್ಟೆ. ಅವರು ಅದಕ್ಕಿನ್ನೂ ಉತ್ತರಿಸಿಲ್ಲ. ಆಮೇಲೆ ಪಾಕೂಳ ಮೇಜಿಗೆ ಹೋದೆ.

“ಪಾಕೂ, ನಿನಗೆ ಗೊತ್ತಿತ್ತಾ?”

“ಏನು ಗೊತ್ತಿತ್ತಾ?” ಎಂದಳು, ತಲೆಯೆತ್ತದೆ. “ಪ್ರಶ್ನೆ ಸರಿಯಾಗಿ ಕೇಳಿ, ಸರ್. ನೀವೇ ಕಲಿಸಿದ್ದು.”

“ನನ್ನ ಕಡತ ನೋಡಬೇಕು. ರೋಗಿಯಾಗಿ ಕೇಳ್ತಿದೀನಿ.”

“ಹಾಗಾದ್ರೆ ಹೊರಗಡೆ ಹೋಗಿ ಕಿಟಕಿಗೆ ಬನ್ನಿ.”

ಹೊರಗೆ ಹೋಗಿ ಕಿಟಕಿಗೆ ಬಂದೆ. ಅವಳು ಅರ್ಜಿ ಕೊಟ್ಟಳು, ತುಂಬಿದೆ. ಗುರುತಿನ ಚೀಟಿ ಕೇಳಿದಳು.

“ಇಪ್ಪತ್ತೆರಡು ವರ್ಷದಿಂದ ನಿನ್ನ ಪಕ್ಕ ಕೂತಿದ್ದೀನಿ.”

“ಇರಬಹುದು. ಚೀಟಿ ತೋರಿಸಿ.”

ತೋರಿಸಿದೆ. ಅವಳು ಫೋಟೋ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು. ಆಮೇಲೆ ದನಿ ಇಳಿಸಿ ಕೇಳಿದಳು: “ಒಂದು ಕಡತಾನಾ, ಎರಡಾ?”

“ಎರಡು.”

“ಎರಡನೇದಕ್ಕೆ ಮದುವೆ ಪತ್ರ ಬೇಕು. ಆಮೇಲೆ ಇನ್ನೊಂದು ಪತ್ರ.” ಮರಣಪತ್ರ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಅದು ನಿಯಮದಲ್ಲಿ ಇರಲಿಲ್ಲ, ಅವಳದೇ.

ಎರಡೂ ಪತ್ರ ತಂದೆ. ಕಡತಗಳನ್ನು ಪಕ್ಕಪಕ್ಕ ಇಟ್ಟು, ಅವಳು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತಳು.

ಮಾವಿಸ್‌ಳದು: ಆರ್ಡಿತ್‌ಳ ಅಕ್ಷರ. ಲಸಿಕೆಯ ಹೆಸರು, ಸೀಸೆಯ ಸಂಖ್ಯೆ, ಹತ್ತು ಗಂಟೆ ಎರಡು ನಿಮಿಷ. ತೋಳು, ಖಾಲಿ. ಸಹಿ, ಖಾಲಿ. ಆರ್ಡಿತ್ ಬರೆದದ್ದರಲ್ಲಿ ತೋಳಿನ ಸಾಲು ಖಾಲಿ ಇರುವುದನ್ನು ನಾನು ಕಂಡದ್ದು ಅದೊಂದೇ ಸಲ. ನನ್ನದು: ಎಡತೋಳು, ಹತ್ತು ಗಂಟೆ ಹದಿನೈದು ನಿಮಿಷ, ಸಹಿ. ಕೆಳಗೆ ಒಂದು ಮಾತು: ‘ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ ಮೇಲೆ ಹಾಕಿದೆ.’ ಔಷಧಿಯ ಸಾಲು ಮಾತ್ರ ಖಾಲಿ.

ಇವೆರಡನ್ನು ಪಕ್ಕದಲ್ಲಿಟ್ಟರೆ ಯಾರಿಗೆ ಅರ್ಥವಾಗುವುದಿಲ್ಲ? ಶಾಲೆಯ ಮಗುವಿಗೂ ಆಗುತ್ತದೆ. ಆದರೆ ಒಬ್ಬರ ಕಡತದಿಂದ ಇನ್ನೊಬ್ಬರ ಕಡತದ ಖಾಲಿ ಸಾಲು ತುಂಬುವಂತಿಲ್ಲ. ಬರೆದವರೇ ಬರೆಯಬೇಕು. ನನಗೆ ಗೊತ್ತಿರುವುದು ಅಲ್ಲಿ ಬರುವುದಿಲ್ಲ. ಪಾಕೂ ಅವೇ ಎರಡು ಚೀಟಿಗಳನ್ನು, ಒಂದು ಅಕ್ಷರ ಬದಲಿಸದೆ, ಇಪ್ಪತ್ತು ವರ್ಷದ ನಂತರ ಮತ್ತೆ ಕಳಿಸಿದಳು.

ಕಳೆದ ಮಂಗಳವಾರ ಆರ್ಡಿತ್ ಕೋಟು ಕೂಡ ಬಿಚ್ಚದೆ ನಮ್ಮ ಕೋಣೆಗೆ ಬಂದಳು. ಪಾಕೂಳ ಹತ್ತಿರ ಪೆನ್ನು ಕೇಳಿ ಕೂತು ಬರೆದಳು. ಈ ಸಲ ನಾನು ಗೋಡೆಯ ಕಡೆ ತಿರುಗಿ ಕೂತಿದ್ದೆ. ಪೆನ್ನಿನ ಸದ್ದು ನಿಂತಿತು.

“ಓರ್ವಿಲ್, ಗೋಡೆ ನೋಡಿದ್ದು ಸಾಕು. ಈ ಕಡೆ ತಿರುಗು. ಅವತ್ತು ನಾನು ಔಷಧಿ ತುಂಬಿದೆ, ಬರೆದೆ, ಹತ್ತಿ ತಗೊಂಡೆ. ಅವಳು ಕೋಟೇ ಬಿಚ್ಚಲಿಲ್ಲ. ‘ಇದನ್ನ ಅವನಿಗೆ ಹಾಕು’ ಅಂದ್ಲು. ಆಗಲ್ಲ ಮಾವಿಸ್, ಪಟ್ಟೀಲಿರೋದು ನೀನು, ಉಬ್ಬಸ ಇರೋದು ನಿನಗೆ ಅಂದೆ. ‘ಅವರಪ್ಪಂಗೆ ನಲವತ್ತಾರಾಗಿತ್ತು’ ಅಂದ್ಲು. ಅಷ್ಟೇ ಹೇಳಿದ್ದು. ನಾನು ಮತ್ತೆ ಆಗಲ್ಲ ಅಂದೆ. ‘ಜನವರಿಯಿಂದ ದಿನಾ ಬೆಳಿಗ್ಗೆ ಎದ್ದು ಅವನು ತನ್ನ ನಾಡಿ ತಾನೇ ಹಿಡಿದು ನೋಡ್ಕೋತಾನೆ. ನನಗೆ ಗೊತ್ತಿಲ್ಲ ಅಂದ್ಕೊಂಡಿದಾನೆ’ ಅಂದ್ಲು.”

ಸಭಿಕರೇ, ಇದನ್ನು ನಾನು ಹೇಳಬೇಕೆಂದುಕೊಂಡಿರಲಿಲ್ಲ. ಬರೆದುಕೊಂಡು ಬಂದ ಕಾಗದದಲ್ಲಿ ಇದಿಲ್ಲ.

“ಯಾಕೆ ಹೇಳಲಿಲ್ಲ?” ಎಂದು ಆರ್ಡಿತ್‌ಳನ್ನು ಕೇಳಿದೆ.

“ಹೇಳಲ್ಲ ಅಂತ ಮಾತು ತಗೊಂಡಿದ್ಲು. ನಿನಗೆ ಗೊತ್ತಾದ್ರೆ ನೀನು ತೋಳು ಕೊಡಲ್ಲ, ಕೊಟ್ಟ ಮೇಲೆ ಗೊತ್ತಾದ್ರೆ ನಿದ್ದೆ ಮಾಡಲ್ಲ ಅಂತ. ಹಾಕಿದ್ದು ನಿಯಮಕ್ಕೆ ಹೊರತು, ನನಗೆ ಗೊತ್ತು. ನಿಜ ಬರೆಯೋ ಹಾಗಿರಲಿಲ್ಲ. ಸುಳ್ಳು ಬರೆಯಕ್ಕೆ ಕೈ ಬರಲಿಲ್ಲ. ಅದಕ್ಕೆ ಖಾಲಿ ಬಿಟ್ಟೆ.” ಆಮೇಲೆ, ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಅಂದಳು: “ನೀನು ಯಾವತ್ತಾದ್ರೂ ನೋಡ್ತೀಯ ಅಂತ ಹೆದರ್ಕೊಂಡಿದ್ದೆ. ಅವಳು ಹೆದರಿರಲಿಲ್ಲ. ‘ನಮ್ಮ ಓರ್ವಿ ಪ್ರಪಂಚದಲ್ಲಿ ಎಲ್ಲಿ ಬೇಕಾದ್ರೂ ಹುಡುಕ್ತಾನೆ, ನನ್ನ ಕಡತ ಒಂದು ಬಿಟ್ಟು’ ಅಂತಿದ್ಲು.”

ಮೂವತ್ತನಾಲ್ಕು ವರ್ಷ, ಸಾವಿರಾರು ತೋಳುಗಳು, ಒಂದೇ ಒಂದು ಸುಳ್ಳು ಸಾಲಿಲ್ಲ. ಸುಳ್ಳು ಬರೆಯಬೇಕಾಗಿ ಬಂದಾಗ ಎರಡು ಕಡೆ ಖಾಲಿ ಬಿಟ್ಟವಳು ಆರ್ಡಿತ್ ಬ್ರೆಕ್. ಈ ಸಂಜೆ ನಾವು ಸನ್ಮಾನಿಸುತ್ತಿರುವುದು ಅದನ್ನು. ಖಾಲಿ ಸಾಲುಗಳನ್ನು ನಾನು ಐವತ್ತು ವರ್ಷದಿಂದ ದ್ವೇಷಿಸುತ್ತಾ ಬಂದಿದ್ದೇನೆ. ಅವುಗಳಲ್ಲೂ ಇಷ್ಟು ಇರಬಹುದೆಂದು ನನಗೆ ತಿಳಿದಿರಲಿಲ್ಲ.

ಆರ್ಡಿತ್ ಉತ್ತರ ಬರೆದ ಮೇಲೆ ಕಡತಗಳಿಗೆ ಸಂಖ್ಯೆ ಹಾಕಬೇಕಲ್ಲ. ವಿಮೆಯವರು ಆ ಎರಡನ್ನೂ ಮರೆತು ಯಾವ ಕಾಲವಾಯಿತೋ. ಆದರೂ ಕಡತ ಕಡತವೇ. ನನ್ನದಕ್ಕೆ ಎರಡು ಸಾಲೂ ಪೂರ್ತಿಯಾಯಿತು. ಮಾವಿಸ್‌ಳದಕ್ಕೆ ಈಗ ‘ಲಸಿಕೆ ಹಾಕಿಲ್ಲ’ ಎಂದು ಬರೆಯಬೇಕು, ಕಾರಣದ ಸಂಖ್ಯೆ ಕೊಡಬೇಕು. ಪಾಕೂ ಬರೆದು, ನನಗೆ ತೋರಿಸುವ ಹಕ್ಕು ಈಗ ಇರುವುದರಿಂದ, ತೋರಿಸಿದಳು. ‘ಇತರ ಕಾರಣ.’

ನಾನು ಇಡೀ ಪುಟ ಓದಿದೆ. ಆಮೇಲೆ ಇನ್ನೊಮ್ಮೆ ಓದಿದೆ. ಬೇಡವೆಂದವರಿಗೆ ಒಂದು ಸಂಖ್ಯೆ ಇದೆ, ಅವಳು ಬೇಡವೆನ್ನಲಿಲ್ಲ. ನಂಬಿಕೆಗೆ ಒಂದಿದೆ, ಜ್ವರಕ್ಕೆ ಒಂದಿದೆ. ಅವಳದು ಅವೂ ಅಲ್ಲ. ಕೋಟು ಬಿಚ್ಚದೆ ಕೂತು ತನ್ನ ಪಾಲಿನದನ್ನು ಬಾಗಿಲಲ್ಲಿದ್ದವನಿಗೆ ದಾಟಿಸಿ, ಸ್ವಲ್ಪವೂ ನೋವಾಗಲಿಲ್ಲ ಎಂದು ನಕ್ಕವಳಿಗೆ ಆ ಪುಸ್ತಕದಲ್ಲಿ ಸಂಖ್ಯೆ ಇಲ್ಲ. ಪಾಕೂ ಸರಿಯಾಗಿ ಬರೆದಿದ್ದಾಳೆ. ಸೋಮಾರಿಗಳ ಸಂಖ್ಯೆ ಎಂದು ನಾನು ಹೇಳಿದ್ದನ್ನು ಅವಳ ಎದುರಿಗೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಕೊನೆಯ ಮಾತು. ನಮ್ಮ ಕೆಲಸದಲ್ಲಿ ತಪ್ಪಾಗಿ ಬರೆದದ್ದನ್ನು ಅಳಿಸುವಂತಿಲ್ಲ. ಹಳೆಯದು ಓದಲು ಸಿಗುವ ಹಾಗೆಯೇ ಅದರ ಮೇಲೆ ಒಂದು ಗೆರೆ ಎಳೆದು, ಕೆಳಗೆ ಸರಿಯಾದದ್ದನ್ನು ಬರೆದು, ಅಂದಿನದಲ್ಲ, ಇಂದಿನ ದಿನಾಂಕ ಹಾಕಿ ಸಹಿ ಮಾಡಬೇಕು. ಆ ಮಾತನ್ನು ನಾನು ಹೇಳಿದ್ದು ಈ ಕೋಣೆಯಲ್ಲಿ, ಕೇಳಿದವರು ನೀವು. ಆದ್ದರಿಂದ ತಿದ್ದುಪಡಿಯನ್ನೂ ಇಲ್ಲೇ ಮಾಡುತ್ತಿದ್ದೇನೆ. ನಮ್ಮ ಮನೆಯಲ್ಲಿ ಸೂಜಿ ಕಂಡರೆ ಓಡುವವರು ಯಾರೂ ಇರಲಿಲ್ಲ. ಇಂದು ಮೇ ತಿಂಗಳ ಹದಿನಾರು. ಓರ್ವಿಲ್ ಟೆಸ್ಡಾಲ್.

ಐದು ನಿಮಿಷವನ್ನು ಇಷ್ಟು ಉದ್ದ ಹಿಗ್ಗಿಸಿದರೂ ತಡೆಯದ ಅಧ್ಯಕ್ಷರಿಗೆ, ಹಾಟ್‌ಡಿಶ್ ತಣ್ಣಗಾಗದಂತೆ ಕಾದ ಅಡುಗೆಮನೆಯವರಿಗೆ, ಮುಖ ತಿರುಗಿಸಿ ಕೂರುವುದು ಯಾವಾಗ ಎಂದು ತಿಳಿದ ಪಾಕೂಗೆ, ಎಡತೋಳಿಗೆ, ಕ್ಷಮಿಸಿ, ಆರ್ಡಿತ್‌ಗೆ, ನನ್ನ ಕೃತಜ್ಞತೆಗಳು. ನಮಸ್ಕಾರ.